ಖಾರ, ಕೆನೆ ಮತ್ತು ಶೆಟ್ಲಿ

2021ರ ಬೇಸಿಗೆಯಲ್ಲಿ ಅಕ್ಕಲಕೋಟೆಯ ಆ ಮನೆಯನ್ನು ಹೊಕ್ಕ ಜ್ವರವು 15 ದಿನಗಳಲ್ಲಿ ಎಲ್ಲರನ್ನೂ ಬಿಟ್ಟುಹೋಯಿತು. ಹೋಗುವಾಗ ಮನೆಯೊಡತಿಯ ಘ್ರಾಣಶಕ್ತಿಯನ್ನು ತನ್ನೊಡನೆ ಒಯ್ದಿತು. ಮೊದಲ ವಾರಗಳಲ್ಲಿ ಇದನ್ನು ಯಾರೂ ದೊಡ್ಡ ಸಂಗತಿಯೆಂದು ಎಣಿಸಲಿಲ್ಲ. ಜೀವ ಉಳಿದುದೇ ಹೆಚ್ಚೆಂಬ ಕಾಲ ಅದು. ಊರಿನಲ್ಲಿ ದಿನವೂ ಒಂದಿಲ್ಲೊಂದು ಸಾವಿನ ಸುದ್ದಿ ಕೇಳಿಬರುತ್ತಿದ್ದಾಗ, ಒಗ್ಗರಣೆಯ ಪರಿಮಳ ತನಗೆ ತಿಳಿಯುತ್ತಿಲ್ಲವೆಂದು ದೂರುವುದು ಆ ತಾಯಿಗೇ ನಾಚಿಕೆಯ ಮಾತಾಗಿ ಕಂಡಿರಬೇಕು. ಅವರು ಸುಮ್ಮನಿದ್ದರು. ನಾಲ್ಕು ದಶಕಗಳ ಅಭ್ಯಾಸಬಲದಿಂದ, ಕೈಯ ಅಳತೆಯೊಂದನ್ನೇ ನಂಬಿ ಅಡುಗೆ ನಡೆಸಿದರು. ಉಣ್ಣಲು ಕುಳಿತವರಿಗೆ ಭೇದವೇ ತಿಳಿಯಲಿಲ್ಲ.

ತಿಳಿದದ್ದು ನಿಧಾನವಾಗಿ. ಒಮ್ಮೆ ಬಾಣಲೆಯಲ್ಲಿ ಬೆಳ್ಳುಳ್ಳಿ ಸೀದು ಕಪ್ಪಾಗುತ್ತಿದ್ದರೂ ಅವರು ಕಿಟಕಿಯ ಕಡೆ ನೋಡುತ್ತ ನಿಂತಿದ್ದರು. ಇನ್ನೊಮ್ಮೆ ಹಳಸಿದ ಬೇಳೆ ತಾಟಿಗೆ ಬಂತು. ಮೂರನೆಯದು ನಗೆಯ ವಿಷಯವಾಗಿರಲಿಲ್ಲ. ಗ್ಯಾಸ್ ಒಲೆಯ ಗುಂಡಿ ಅರ್ಧ ತೆರೆದೇ ಉಳಿದಿತ್ತು. ಬಾಗಿಲು ಮುಂದೂಡಿದ ಅಡುಗೆಮನೆಯಲ್ಲಿ ಅವರು ಮೆಂತೆಪಲ್ಯ ಸೋಸುತ್ತ ನೆಮ್ಮದಿಯಿಂದ ಕುಳಿತಿದ್ದರು. ಹೊರಗಿನಿಂದ ಬಂದ ಪತಿ ಹೊಸ್ತಿಲಲ್ಲೇ ವಾಸನೆ ಹಿಡಿದು ಓಡಿಬಂದು ಕಿಟಕಿಗಳನ್ನು ತೆರೆದರು. ಅಂದಿನಿಂದ ಆ ತಾಯಿ ಒಲೆಯ ಬಳಿ ಹೋಗಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ತಾವೇ ಬಿಟ್ಟರು. ಭಾಕರಿ, ಪಲ್ಯ ಮಾಡಲು ಓಣಿಯ ಒಬ್ಬ ಹೆಂಗಸು ಬರತೊಡಗಿದಳು. ಊಟವೆಂಬುದು ಅವರ ಪಾಲಿಗೆ ಗುಳಿಗೆಯಂತೆ ಹೊತ್ತುಹೊತ್ತಿಗೆ ನುಂಗುವ ವಸ್ತುವಾಯಿತು. ಒಂದು ವರ್ಷದಲ್ಲಿ 9 ಕಿಲೋ ತೂಕ ಇಳಿಯಿತು.

ವೈದ್ಯರು ಹೇಳಿದ ಅಭ್ಯಾಸವನ್ನು ಅವರು ಶ್ರದ್ಧೆಯಿಂದಲೇ ಮಾಡಿದರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಎಂಬ ನಾಲ್ಕು ಪರಿಮಳಗಳನ್ನು ನಾಲ್ಕು ಶೀಶೆಗಳಲ್ಲಿಟ್ಟು, ಬೆಳಿಗ್ಗೆ ಸಂಜೆ ಒಂದೊಂದನ್ನೇ ಮೂಸಿ, ಅದರ ನೆನಪನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕೆಲವರಿಗೆ ಇದರಿಂದ ಗುಣವಾಗುತ್ತದೆ. ಇವರಿಗೆ ಲವಂಗ ಮತ್ತು ನೀಲಗಿರಿ ಮೂಗಿನೊಳಗೆ ಚುಚ್ಚಿದಂತಾಗುತ್ತಿತ್ತು, ಅಷ್ಟೇ. ಯಾವುದು ಲವಂಗ, ಯಾವುದು ನೀಲಗಿರಿ ಎಂಬುದನ್ನು ಶೀಶೆಯ ಮೇಲಿನ ಚೀಟಿಯನ್ನೋದಿ ತಿಳಿಯಬೇಕಾಗಿತ್ತು.

ಈ ಚುಚ್ಚಿದಂತಾಗುವ ಮಾತನ್ನು ಹಿಡಿದುಕೊಂಡವಳು ಪುಣೆಯಲ್ಲಿ ನೌಕರಿಯಲ್ಲಿದ್ದ ಮಗಳು. ನಾಲಗೆ ತಾನಾಗಿ ಅರಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಮಾಂಸದ ಎಸರಿನಲ್ಲಿರುವಂಥ ಒಂದು ತುಂಬುರುಚಿ, ಇಷ್ಟನ್ನೇ. ಜೀರಿಗೆ ಜೀರಿಗೆಯೆಂದೂ ಏಲಕ್ಕಿ ಏಲಕ್ಕಿಯೆಂದೂ ತಿಳಿಯುವುದು ಬಾಯಿಯೊಳಗಿಂದ ಮೂಗಿನ ಹಿಂಬದಿಗೆ ಏರುವ ಗಂಧದಿಂದ. ಖಾರವಾದರೋ ಈ ಎರಡಕ್ಕೂ ಸೇರಿದ್ದಲ್ಲ. ನಮ್ಮ ಹಿರಿಯರು ಕಟುವನ್ನು ಷಡ್ರಸಗಳಲ್ಲಿ ಎಣಿಸಿದ್ದರೂ, ಶರೀರದ ಲೆಕ್ಕದಲ್ಲಿ ಅದು ರುಚಿಯಲ್ಲ, ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಾಗಿದಾಗ ಬಿಸಿ ತಗುಲಿದ ಸುದ್ದಿಯೇ ಮಿದುಳಿಗೆ ಮುಟ್ಟುತ್ತದೆ. ಆ ಸುದ್ದಿಯನ್ನು ಒಯ್ಯುವ ನರವೇ ಬೇರೆ. ಆ ಉರಿಯನ್ನು ಹಿಡಿಯುವ ಗ್ರಾಹಿಯನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು 2021ರಲ್ಲಿ, ಲೋಕದ ಅಸಂಖ್ಯ ಮೂಗುಗಳು ಸುಮ್ಮನಾಗಿದ್ದ ಅದೇ ವರ್ಷದಲ್ಲಿ. ಮಗಳು ಲೆಕ್ಕ ಹಾಕಿದಳು. ತಾಯಿಗೆ ಉಳಿದಿರುವುದು ಉಪ್ಪು, ಹುಳಿ, ಖಾರ, ತುಂಬುರುಚಿ. ಅವುಗಳ ಜೊತೆಗೆ ಹಲ್ಲಿಗೂ ನಾಲಗೆಗೂ ತಿಳಿಯುವ ಮೆದು, ಗಟ್ಟಿ, ನುಣುಪು. ಇಷ್ಟರಲ್ಲಿಯೇ ಒಂದು ಊಟ ಕಟ್ಟಬೇಕು.

ಅವಳ ಕೈಗೆ ಸಿಕ್ಕಿದ್ದು ಪುಣೆಯ ಗೆಳತಿಯರು ರವಿವಾರಗಳಲ್ಲಿ ಮಾಡುತ್ತಿದ್ದ ಖಾರದ, ಕೆನೆಯ ಸಿಗಡಿ ಪಾಸ್ತಾ. ಅದು ಇಟಲಿಯ ಅಡುಗೆಯೆಂದು ಹೇಳುವ ರೂಢಿಯಿದ್ದರೂ ಇಟಲಿಯವರು ಒಪ್ಪಲಾರರು. ಅಲ್ಲಿ ಮೀನು ಸಿಗಡಿಗಳ ಮೇಲೆ ಚೀಸ್ ತುರಿಯುವುದೇ ಒರಟುತನ. ಹೆಸರಾಂತ ಅಲ್ಫ್ರೆಡೋ ಕೂಡ ರೋಮಿನಲ್ಲಿ ಬೆಣ್ಣೆ ಮತ್ತು ಚೀಸಿನಿಂದ ಆದದ್ದು, ಕೆನೆ ಸೇರಿದ್ದು ಅಮೆರಿಕದ ಅಡುಗೆಮನೆಗಳಲ್ಲಿ. ಊರು ಬಿಟ್ಟ ಅಡುಗೆ ಹೊಸ ಊರಿನ ಪದಾರ್ಥ ಕಲಿಯುತ್ತದೆ. ಸೊಸೆಯರ ವಿಷಯದಲ್ಲಿ ಸಹಜವೆನ್ನಿಸುವುದು ಅಡುಗೆಯ ವಿಷಯದಲ್ಲೇಕೆ ತಪ್ಪೋ ತಿಳಿಯದು.

ಆ ತಾಯಿ ಅಂಥ ಸೊಸೆಯೇ. ಹುಟ್ಟಿ ಬೆಳೆದದ್ದು ಕುಮಟೆಯಲ್ಲಿ. ಸಿಗಡಿಯೆಂಬುದು ಅವರಿಗೆ ಪುಸ್ತಕದ ಮಾತು. ತವರಿನಲ್ಲಿ ಅದು ಶೆಟ್ಲಿ. ಕೊಂಕಣಿ ನೆರೆಯವರು ಸುಂಗಟ ಎನ್ನುತ್ತಿದ್ದರು. ಮದುವೆಯಾಗಿ ಅಕ್ಕಲಕೋಟೆಗೆ ಬಂದ ಮೇಲೆ ಮರಾಠಿಯ ಕೋಳಂಬಿ ಎಂಬ ನಾಲ್ಕನೆಯ ಹೆಸರು ದೊರೆಯಿತು, ಪದಾರ್ಥ ಮಾತ್ರ ದೊರೆಯಲಿಲ್ಲ. ಗಂಡನ ಮನೆಯಲ್ಲಿ ಹಬ್ಬ ಜಾತ್ರೆಗೆ ಕುರಿಯ ಮಾಂಸ ನಡೆಯುತ್ತಿತ್ತು. ಸಂತೆಯಲ್ಲಿ ಒಣಸಿಗಡಿ ಸಿಗುತ್ತಿದ್ದರೂ ಅದರ ವಾಸನೆಗೆ ಅತ್ತೆ ಸೆರಗಿನಿಂದ ಮೂಗು ಮುಚ್ಚುತ್ತಿದ್ದರು. ಸೊಸೆ ಶೆಟ್ಲಿಯ ಮಾತೆತ್ತುವುದನ್ನೇ ಬಿಟ್ಟರು. ಮಕ್ಕಳು ತಮ್ಮನ್ನು 'ಆಯಿ' ಎಂದು ಕರೆದಾಗ ಮಾತ್ರ ತವರೂ ಮರಾಠಿ ನೆರೆಯೂ ಒಂದಾದಂತಾಗುತ್ತಿತ್ತಂತೆ. ಎರಡೂ ಕಡೆ ನಡೆಯುವ ಶಬ್ದವದು.

2023ರ ಜನವರಿಯಲ್ಲಿ ಮಗಳು ರಜೆಗೆ ಬಂದಾಗ ಮೊದಲು ಮಾಡಿದ ಕೆಲಸ, ಗ್ಯಾಸ್ ಸೋರಿದರೆ ಕೂಗುವ ಪುಟ್ಟ ಯಂತ್ರವೊಂದನ್ನು ಅಡುಗೆಮನೆಯ ಗೋಡೆಗೆ ಜಡಿಸಿದ್ದು; ಅದನ್ನೂ ನೆಲದಿಂದ ಒಂದು ಮೊಳದ ಎತ್ತರದಲ್ಲಿ, ಏಕೆಂದರೆ ಅಡುಗೆಯ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ಹರಡುತ್ತದೆ. ಮರುದಿನ ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಹೋಗಿ ಅರ್ಧ ಕಿಲೋ ಸಿಗಡಿಯನ್ನು ಬರ್ಫದಲ್ಲಿಟ್ಟು ತಂದಳು. ಸುಲಿದದ್ದು ಬೇಡವೆಂದು, ತಲೆ ಚಿಪ್ಪು ಸಹಿತವಾದದ್ದನ್ನೇ ಆರಿಸಿದ್ದಳು. ಆದರೆ ಸುಲಿಯಲು ಅವಳಿಗೆ ಬಾರದು. ಚಿಪ್ಪಿನೊಡನೆ ಮಾಂಸವೂ ಕಿತ್ತುಬರತೊಡಗಿತು. ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ತಾಯಿ ಮೂರು ಸಿಗಡಿಗಳವರೆಗೆ ತಾಳಿದರು. ನಾಲ್ಕನೆಯದಕ್ಕೆ ಎದ್ದುಬಂದು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

ತಲೆಯನ್ನು ತಿರುವಿ ಬೇರ್ಪಡಿಸಿ, ಕಾಲುಗಳ ಕಡೆಯಿಂದ ಹೆಬ್ಬೆರಳು ಹೊಗಿಸಿ, ಚಿಪ್ಪನ್ನು ಒಂದೇ ಸುತ್ತಿಗೆ ಕಳಚಿ, ಬೆನ್ನಿಗೆ ಚಾಕುವಿನ ತುದಿಯಿಂದ ಗೀರಿ ಕಪ್ಪು ದಾರವನ್ನು ಎಳೆದು ತೆಗೆಯುವುದು ಆ ಬೆರಳುಗಳಿಗೆ ಮರೆತಿರಲಿಲ್ಲ. ಅರ್ಧ ಕಿಲೋ ಮುಗಿಯಲು ಕಾಲುಗಂಟೆಯೂ ಹಿಡಿಯಲಿಲ್ಲ. ಉಪ್ಪು, ಅರಿಸಿನ ಸವರಿ ಬದಿಗಿಟ್ಟ ಬಳಿಕ ಅವರೇ ತಲೆ ಚಿಪ್ಪುಗಳನ್ನು ಪಾತ್ರೆಗೆ ಹಾಕಿ ನೀರೆರೆದರು. ಪುಣೆಯ ಗೆಳತಿಯರು ಇವನ್ನು ಕಸಕ್ಕೆ ಎಸೆಯುತ್ತಿದ್ದರೆಂದು ಕೇಳಿ ಅವರಿಗೆ ನಿಜವಾಗಿಯೂ ನೋವಾಯಿತು. 20 ನಿಮಿಷ ಕುದಿದು ಸೋಸಿದ ಆ ಎಸರಿನಲ್ಲಿಯೇ ಸಿಗಡಿಯ ತುಂಬುರುಚಿ ಇರುವುದು. ಈ ನಡುವೆ ಯಜಮಾನರು ವರ್ತಮಾನಪತ್ರ ಹಿಡಿದು ಮಾಳಿಗೆ ಏರಿದ್ದರು. ಕಡಲ ಪದಾರ್ಥದ ವಾಸನೆ ಅವರಿಗೆ ಇಂದಿಗೂ ಆಗದು. ಆ ಮನೆಯಲ್ಲಿ ಅಂದು ವಾಸನೆಯ ತೊಂದರೆಯಿಲ್ಲದೆ ಒಲೆಯ ಮುಂದೆ ನಿಲ್ಲಬಲ್ಲವರು ತಾಯಿಯೊಬ್ಬರೇ.

ಪಾಸ್ತಾದ ಪೊಟ್ಟಣ ಒಡೆದಾಗ ಅವರು ಒಂದು ಕೊಳವೆಯನ್ನು ಎತ್ತಿಕೊಂಡು, ಅದರ ಮೈಮೇಲಿನ ಗೆರೆಗಳ ಮೇಲೆ ಉಗುರನ್ನು ಎಳೆದರು. "ಇದು ಬಾಚಣಿಕಿ ಗೆರಿ ಅಲ್ಲೇನ?" ಎಂದರು. ಪ್ರಶ್ನೆ ತಮಾಷೆಯದಾಗಿರಲಿಲ್ಲ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಅತ್ತೆ ಅವರನ್ನು ಕೂರಿಸಿ ಗವಲಿ ಹೊಸೆಯಲು ಕಲಿಸಿದ್ದರು. ಸಣ್ಣ ರವೆಯನ್ನು ಹಾಲಿನಲ್ಲಿ ಕಲಸಿ ನೆನೆಯಿಟ್ಟು, ಬೆರಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಹೊಸೆದರೆ ಗವಲಿ. ಉಗುರಿನಿಂದ ಒತ್ತಿ ಚಿಪ್ಪಿನಂತೆ ಮಾಡಿದರೆ ಮರಾಠಿಯ ನಖುಲೆ. ಬೆರಳುದ್ದಕ್ಕೆ ಹೊಸೆದದ್ದು ಬೋಟವೆ. ಹೊಸ ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಗೆರೆ ಮೂಡಿಸಿದ್ದು ಮಾಲತಿ. ನಖವೆಂದರೆ ಉಗುರು, ಮರಾಠಿಯ ಬೋಟವೆಂದರೆ ಬೆರಳು. ಹೆಸರಿನಲ್ಲಿಯೇ ಮಾಡುವ ರೀತಿಯಿದೆ. ಮದುವೆಯ ಮನೆಗಳಲ್ಲಿ ಇವನ್ನು ತಟ್ಟೆಗಳಲ್ಲಿ ಜೋಡಿಸಿಟ್ಟು ಹೆಣ್ಣಿನ ಕಡೆಯವರ ಕೈಚಳಕ ತೋರಿಸುವ ಪದ್ಧತಿ ಇತ್ತು.

ಇಟಲಿಯ ಎಮಿಲಿಯಾ ರೊಮಾಞಾ ಸೀಮೆಯ ಹೆಂಗಸರೂ ಗಾರ್ಗನೆಲ್ಲಿ ಎಂಬ ಪಾಸ್ತಾವನ್ನು ಬಾಚಣಿಗೆಯಂಥ ಹಲಗೆಯ ಮೇಲೆಯೇ ಉರುಳಿಸುತ್ತಾರೆ. ಪುಲಿಯಾದಲ್ಲಿ ಹೆಬ್ಬೆರಳಿನಿಂದ ಒತ್ತಿ ಕಿವಿಯಾಕಾರದ ಒರೆಕ್ಕಿಯೆಟ್ಟೆ ಮಾಡುತ್ತಾರೆ. ಯಾರು ಯಾರಿಂದ ಕಲಿತರೆಂಬ ವಾದ ಇಲ್ಲಿ ಬೇಡ. ಗಟ್ಟಿ ಗೋಧಿ ಬೆಳೆಯುವ ಎಡೆಗಳಲ್ಲಿ ಬೆರಳುಗಳು ಒಂದೇ ಬಗೆಯ ಯೋಚನೆ ಮಾಡಿರಬೇಕು. ನಮ್ಮ ಅಂಗಡಿಗಳ ಬನ್ಸಿ ರವೆಯ ಗೋಧಿಯೂ ಪಾಸ್ತಾದ ಗೋಧಿಯೂ ಒಂದೇ ಕುಲ. ಕುದಿಸಿದರೂ ಮುದ್ದೆಯಾಗದೆ ಹಲ್ಲಿಗೆ ತುಸು ಎದುರು ನಿಲ್ಲುವ ಗುಣ ಆ ಕುಲದ್ದು.

ಇನ್ನು ಮಾಡುವ ಬಗೆ. ನಾಲ್ವರಿಗೆ 320 ಗ್ರಾಂ ಪಾಸ್ತಾ. ಸೋಸಿಟ್ಟ ಎಸರಿಗೆ ನೀರು ಬೆರೆಸಿ, ಲೀಟರಿಗೆ 10 ಗ್ರಾಂನಂತೆ ಉಪ್ಪು ಹಾಕಿ, ಪೊಟ್ಟಣದ ಮೇಲೆ ಬರೆದುದಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಬೇಕು. ಬೇಯಿಸಿದ ನೀರನ್ನು ಚೆಲ್ಲಬಾರದು. ಬ್ಯಾಡಗಿ ಮೆಣಸಿನಕಾಯಿ ಆರು, ಬಣ್ಣಕ್ಕೆ. ಗುಂಟೂರಿನವು ಮೂರು, ಉರಿಗೆ. ಎರಡನ್ನೂ ಬಿಸಿನೀರಿನಲ್ಲಿ ನೆನೆಸಿ ಹತ್ತು ಎಸಳು ಬೆಳ್ಳುಳ್ಳಿಯೊಡನೆ ಅರೆಯಬೇಕು. ಅಗಲವಾದ ಬಾಣಲೆಯಲ್ಲಿ ಬೆಣ್ಣೆ ಕಾಯಿಸಿ ಸಿಗಡಿಯನ್ನು ಒಂದೊಂದು ಮಗ್ಗುಲಿಗೆ ಒಂದು ನಿಮಿಷವಷ್ಟೇ ಹುರಿದು ತೆಗೆದಿಡಬೇಕು. ಅರ್ಧಚಂದ್ರದಂತೆ ಬಾಗಿದರೆ ಹದ. ಸೊನ್ನೆಯಾಗಿ ಸುತ್ತಿಕೊಂಡರೆ ಅದು ರಬ್ಬರು. ಅದೇ ಬೆಣ್ಣೆಯಲ್ಲಿ ಅರೆದ ಖಾರವನ್ನೂ ಒಂದು ಟೊಮೆಟೊವನ್ನೂ ಎಣ್ಣೆ ಬಿಡುವವರೆಗೆ ಬಾಡಿಸಿ, ಉರಿಯನ್ನು ಪೂರ್ತಿ ತಗ್ಗಿಸಿದ ಮೇಲೆಯೇ 200 ಮಿಲಿಲೀಟರ್ ಕೆನೆ ಸುರಿಯಬೇಕು. ಹುಳಿಯ ಮೇಲೆ ಕೆನೆ ಕುದಿದರೆ ಒಡೆಯುತ್ತದೆ. ಪಾಸ್ತಾವನ್ನೂ ಅದನ್ನು ಬೇಯಿಸಿದ ನೀರನ್ನು ಒಂದು ಸೌಟಿನಷ್ಟನ್ನೂ ಕೂಡಿಸಿ ಆಡಿಸುತ್ತಿದ್ದರೆ, ಆ ನೀರಿನ ಗಂಜಿಯು ಬೆಣ್ಣೆಯನ್ನೂ ಕೆನೆಯನ್ನೂ ಹಿಡಿದು ಪಾಸ್ತಾದ ಗೆರೆಗೆರೆಗೆ ಅಂಟಿಸುತ್ತದೆ. ಸಿಗಡಿ ಕೊನೆಗೆ.

ಉಳಿದಿರುವುದೇ ಖಾರವಾದರೆ ಅದನ್ನು ಕೆನೆಯಿಂದ ತಣಿಸುವುದೇಕೆ ಎಂದು ಕೇಳಬಹುದು. ಮಗಳು ಅದನ್ನು ಯೋಚಿಸಿದ್ದಳು. ಬರಿಯ ಖಾರ ಒಂದೇ ಸಲಕ್ಕೆ ಏರಿ ನಾಲಗೆಯನ್ನು ಮಂಕಾಗಿಸುತ್ತದೆ. ಎರಡನೆಯ ತುತ್ತಿಗೆ ಏನೂ ಉಳಿಯುವುದಿಲ್ಲ. ಹಾಲಿನ ಸಸಾರಜನಕವೂ ಕೊಬ್ಬೂ ಆ ಉರಿಯ ಅಂಶವನ್ನು ಹಿಡಿದಿಟ್ಟು ತಡೆತಡೆದು ಬಿಡುತ್ತವೆ. ಮೊದಲು ನುಣುಪು, ಹಲ್ಲಿಗೆ ಸಿಗಡಿಯ ಪುಟಿತ, ಆಮೇಲೆ ಗಂಟಲ ಕಡೆಯಿಂದ ಏರಿಬರುವ ಕಾವು. ಗಂಧವಿಲ್ಲದ ಬಾಯಿಗೆ ಒಂದಾದ ಮೇಲೊಂದರಂತೆ ಏನಾದರೂ ನಡೆಯುತ್ತಿರಬೇಕು.

ತಾಯಿ ಉಂಡರು. ಪವಾಡವೇನೂ ಆಗಲಿಲ್ಲ. ಕುಮಟೆ ನೆನಪಾಯಿತೇ ಎಂದು ಮಗಳು ಆಸೆಯಿಂದ ಕೇಳಿದಾಗ, ಇಲ್ಲ, ವಾಸನೆಯಿಲ್ಲದೆ ಊರು ಹೇಗೆ ಬಂದೀತು ಎಂದುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ "ಉಪ್ಪು ಒಂದು ಚಿಟಿಕಿ ಕಡಿಮಿ ಆಗೇದ" ಎಂದರು. ಎರಡು ವರ್ಷಗಳಲ್ಲಿ ಊಟದ ಬಗ್ಗೆ ಅವರ ಬಾಯಿಂದ ಬಂದ ಮೊದಲ ದೂರು ಅದು. ಮಗಳು ಉಪ್ಪಿನ ಡಬ್ಬಿ ತರಲು ಎದ್ದಾಗ ಅವರು ತಟ್ಟೆಯನ್ನು ಮುಂದೆ ಚಾಚಿ ಮತ್ತೊಮ್ಮೆ ಬಡಿಸಿಕೊಂಡರು. ಮಾಳಿಗೆಯಿಂದ ಇಳಿದುಬಂದ ಯಜಮಾನರು ಸಿಗಡಿಯನ್ನು ಬದಿಗೆ ಸರಿಸಿ ಪಾಸ್ತಾವನ್ನಷ್ಟೇ ತಿಂದರು. ಚೆನ್ನಾಗಿದೆಯೆಂದು ಹೇಳಲಿಲ್ಲ, ಬಿಡಲೂ ಇಲ್ಲ.

ಆ ವರ್ಷದ ಬೇಸಿಗೆಯಲ್ಲಿ ತಾಯಿ ಅಟ್ಟದಿಂದ ಮಣೆಯನ್ನು ಇಳಿಸಿದರು. ಗವಲಿ ಬೆರಳಿಗೆ ನೋವೆಂದು ಉಗುರಿನ ಚಿಪ್ಪುಗಳನ್ನೇ ಹೊಸೆದು ಒಣಗಿಸಿದರು. ಭಾಕರಿಯ ಹೆಂಗಸು ಈಗಲೂ ಬರುತ್ತಾಳೆ. ರವಿವಾರ ಮಾತ್ರ ಒಲೆ ತಾಯಿಯದು, ಗೋಡೆಯ ಬುಡದಲ್ಲಿ ಯಂತ್ರದ ಹಸಿರು ದೀಪ ಉರಿಯುತ್ತಿರುತ್ತದೆ. ಸೊಲ್ಲಾಪುರದಿಂದ ಸಿಗಡಿ ತರುವವರು ಯಜಮಾನರೇ, ಮುಖ ಗಂಟಿಕ್ಕಿಕೊಂಡು. ಒಂದು ಸಂಜೆ ತಾಯಿ ಪುಣೆಗೆ ತಾವಾಗಿ ಫೋನ್ ಮಾಡಿದರು. ತವರಿನಿಂದ ತಮ್ಮ ಕಳಿಸಿದ ಒಣ ಜುಮ್ಮನಕಾಯಿಯನ್ನು, ಕುಮಟೆಯಲ್ಲಿ ಬಂಗಡೆಗೆ ಹಾಕುವಂತೆ, ಆ ಕೆನೆಗೆ ಹಾಕಿ ನೋಡಿದ್ದರಂತೆ. ನಾಲಗೆಯೆಲ್ಲ ಜುಮ್ಮೆಂದಿತಂತೆ. ಮಗಳು ಬರೆದುಕೊಳ್ಳಲು ಅಳತೆ ಕೇಳಿದಳು.

"ನಾಲ್ಕ ಕಾಯಿ ಸಾಕು. ಬೀಜ ತಗದ ಒಗಿ, ಸಿಪ್ಪಿ ಅಷ್ಟ ಜಜ್ಜಿ ಹಾಕು. ಕೆನಿ ಹಾಕಿದ ಮ್ಯಾಲೆ, ಮೊದಲ ಅಲ್ಲ."