ಚಿಂದಿ ಕಾಗದಗಳ ಪ್ರೊಫೆಸರು

ನಿವೃತ್ತ ಪ್ರಾಧ್ಯಾಪಕರಿಗೆ ಧಾರವಾಡದಲ್ಲಿ ಎಂದೂ ಬರವಿಲ್ಲ. ಮಾಳಮಡ್ಡಿ, ಸಪ್ತಾಪುರ, ಕಲ್ಯಾಣನಗರ, ಯಾವ ಓಣಿ ಹೊಕ್ಕರೂ ಗೇಟಿನ ಮೇಲೊಂದು ‘ಡಾ.’ ಕಂಡೇ ಕಾಣುತ್ತದೆ. ಅವರಲ್ಲಿ ಎರಡು ಬಗೆ. ಪಿಂಚಣಿ ಶುರುವಾದೊಡನೆ ಪುಸ್ತಕ ಮುಚ್ಚಿಟ್ಟವರು ಒಂದು ಬಗೆ. ಕಾಲೇಜಿನ ಗಂಟೆಯ ಕಾಟ ತಪ್ಪಿತೆಂದು ಆಗ ನಿಜವಾದ ಕೆಲಸಕ್ಕೆ ಕೂತವರು ಇನ್ನೊಂದು ಬಗೆ. ಈ ಎರಡನೆಯವರನ್ನು ನೆನೆದಾಗಲೆಲ್ಲ ನನಗೆ ನಮ್ಮೂರಿನವರಲ್ಲದ, ನಾನು ಕಣ್ಣಿಂದ ಕಾಣದ ಒಬ್ಬ ಯೆಹೂದಿ ಪ್ರೊಫೆಸರು ನೆನಪಾಗುತ್ತಾರೆ. ಅವರ ಹೆಸರು ಎಸ್.ಡಿ. ಗೊಯ್‌ಟೈನ್.

ಅವರ ಪರಿಚಯ ಮಾಡಿಕೊಟ್ಟದ್ದು ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಎಂಬ 1992ರ ಇಂಗ್ಲಿಷ್ ಪುಸ್ತಕ. ಅದರಲ್ಲಿ ನಮ್ಮ ಮಂಗಳೂರಿನ ಸಂಗತಿಯಿದೆ ಎಂದು ಕೇಳಿ ಓದಲು ಹಿಡಿದೆ. ಮಂಗಳೂರು ಸಿಕ್ಕಿತು, ಅದರ ಬೆನ್ನಿಗೇ ಈ ಹಿರಿಯರೂ ಸಿಕ್ಕರು.

ಗೊಯ್‌ಟೈನ್ ಹುಟ್ಟಿದ್ದು 1900ರಲ್ಲಿ, ಜರ್ಮನಿಯ ಒಂದು ಸಣ್ಣ ಊರಿನಲ್ಲಿ. ತಂದೆ ರಬ್ಬಿ, ಅಂದರೆ ಯೆಹೂದ್ಯರ ಧರ್ಮಗುರು. ಮಗ ಅರಬ್ಬಿ ಓದಿ, 1923ರಲ್ಲಿ ಪ್ಯಾಲೆಸ್ಟೈನಿಗೆ ಹೋದರು. ಅಲ್ಲಿ ಮೊದಲು ಹೈಸ್ಕೂಲು ಮೇಷ್ಟ್ರು. ಆಮೇಲೆ ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಅಧ್ಯಾಪಕರು. ನಡುವೆ ಹತ್ತು ವರ್ಷ ಶಾಲಾ ಇನ್‌ಸ್ಪೆಕ್ಟರು. 1957ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯಕ್ಕೆ ಹೋಗಿ ನಿವೃತ್ತರಾಗುವ ಹೊತ್ತಿಗೆ ವಯಸ್ಸು ಎಪ್ಪತ್ತು.

ಅವರು ಹಿಡಿದ ಕೆಲಸ ವಿಚಿತ್ರವಾದದ್ದು. ದೇವರ ಹೆಸರು ಬರೆದ ಕಾಗದವನ್ನು ಯೆಹೂದ್ಯರು ಎಸೆಯುವುದಿಲ್ಲ. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದವರು ಇದನ್ನು ಎಷ್ಟು ಪಾಲಿಸಿದರೆಂದರೆ, ಹೀಬ್ರೂ ಅಕ್ಷರವಿದ್ದ ಚೀಟಿಚಪಾಟಿಯನ್ನೆಲ್ಲ ಒಂದು ಕೋಣೆಯೊಳಗೆ ಹಾಕುತ್ತ ಹೋದರು. ಅದಕ್ಕೆ ‘ಗೆನೀಜಾ’ ಎಂದು ಹೆಸರು. ಒಣ ಹವೆಯಲ್ಲಿ ಆ ಕಾಗದಗಳು ಶತಮಾನಗಟ್ಟಲೆ ಉಳಿದುಕೊಂಡವು. 1896-97ರಲ್ಲಿ ಅದರ ದೊಡ್ಡ ಪಾಲು ಇಂಗ್ಲೆಂಡಿನ ಕೇಂಬ್ರಿಜ್ ಸೇರಿತು. ಉಳಿದದ್ದು ದೇಶದೇಶಗಳ ಗ್ರಂಥಾಲಯಗಳಲ್ಲಿ ಚದುರಿತು.

ಮೊದಮೊದಲು ವಿದ್ವಾಂಸರ ಕಣ್ಣು ಹೆಚ್ಚಾಗಿ ಧರ್ಮಗ್ರಂಥದ, ಕಾವ್ಯದ ಹಾಳೆಗಳ ಮೇಲಿತ್ತು. ಗೊಯ್‌ಟೈನ್ ಎತ್ತಿಕೊಂಡದ್ದು ಅಂಗಡಿಯ ಲೆಕ್ಕ, ಮದುವೆಯ ಕರಾರು, ಸಾಲದ ಚೀಟಿ, ಗಂಡ ಹೆಂಡಿರ ಜಗಳದ ಪತ್ರ. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ನಮ್ಮಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದ ಹಾಗೆ. ಒಂದೊಂದನ್ನೂ ಓದಿ ಕಾರ್ಡಿನ ಮೇಲೆ ಟಿಪ್ಪಣಿ ಮಾಡಿದರು. ಆ ಕಾರ್ಡುಗಳೇ 20 ಸಾವಿರಕ್ಕೂ ಹೆಚ್ಚು. ಅದರಿಂದ ಹುಟ್ಟಿದ ‘ಎ ಮೆಡಿಟರೇನಿಯನ್ ಸೊಸೈಟಿ’ಯ ಮೊದಲ ಸಂಪುಟ ಬಂದದ್ದು 1967ರಲ್ಲಿ. ಐದರಲ್ಲಿ ನಾಲ್ಕು ಸಂಪುಟ ಹೊರಬಂದದ್ದು ನಿವೃತ್ತಿಯ ನಂತರ. ಐದನೆಯದು ಅಚ್ಚಾಗಿ ಬಂದಾಗ ಅವರಿರಲಿಲ್ಲ. 1985ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.

ಇಷ್ಟೆಲ್ಲ ತನ್ನ ಜನರಿಗಾಗಿ ದುಡಿದವರು ತನ್ನ ಜನರನ್ನು ಹೊಗಳಲು ಕೂರಲಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಸಾಲ ತೀರಿಸದವನು, ಹೆಂಡತಿಯನ್ನು ಬಿಟ್ಟು ಹೋದವನು, ಎಲ್ಲರೂ ಅವರ ಪುಟಗಳಲ್ಲಿ ಇದ್ದಾರೆ. ಯೆಹೂದಿಯೂ ಮುಸಲ್ಮಾನನೂ ಪಾಲುದಾರರಾಗಿ ವ್ಯಾಪಾರ ಮಾಡಿದ್ದೂ ಇದೆ. ಕಾಗದ ಹೇಳಿದ್ದನ್ನು ಅವರು ಮುಚ್ಚಿಡಲಿಲ್ಲ.

ಆ ಪ್ರಾಮಾಣಿಕತೆಯ ಫಲ ನಮಗೂ ಸಿಕ್ಕಿತು. ಆ ರಾಶಿಯಲ್ಲಿ ಭಾರತದ ವ್ಯಾಪಾರದ ಕಾಗದಗಳೂ ಇದ್ದವು. ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯದ ವರ್ತಕ 12ನೇ ಶತಮಾನದಲ್ಲಿ, ನಮ್ಮ ಶರಣರ ಶತಮಾನದಲ್ಲೇ, ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ; ಮೆಣಸು, ಅಡಿಕೆ ಕಳಿಸಿ ಏಡನ್ನಿನಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸುತ್ತಿದ್ದ. ಆಶು ಎಂಬ ದಾಸಿಗೆ 1132ರಲ್ಲಿ ಮಂಗಳೂರಿನಲ್ಲೇ ಬಿಡುಗಡೆ ಪತ್ರ ಬರೆದುಕೊಟ್ಟ. ಅವನಿಗೊಬ್ಬ ಆಳಿದ್ದ. ಸರಕು ತೆಗೆದುಕೊಂಡು ಕಡಲು ದಾಟಿ ಏಡನ್ನಿಗೆ ಹೋಗುತ್ತಿದ್ದ. ಒಮ್ಮೆ ಅಲ್ಲಿ ಕುಡಿದು ಹಣಕ್ಕಾಗಿ ಗಲಾಟೆಯನ್ನೂ ಮಾಡಿದ. ಆದರೂ ಅಲ್ಲಿನ ವರ್ತಕರು ತಮ್ಮ ಪತ್ರಗಳಲ್ಲಿ ಅವನಿಗೆ ನಮಸ್ಕಾರ ತಿಳಿಸುತ್ತಿದ್ದರು. ಸ್ವರಚಿಹ್ನೆಗಳಿಲ್ಲದ ಆ ಬರವಣಿಗೆಯಲ್ಲಿ ಗೊಯ್‌ಟೈನ್ ಅವನ ಹೆಸರನ್ನು ‘ಬಾಮ’ ಎಂದು ಓದಿದ್ದರು. ಘೋಷ್ ಮಂಗಳೂರಿಗೆ ಬಂದು ವಿಚಾರಿಸಿದಾಗ, ಅದು ‘ಬೊಮ್ಮ’ ಎಂದು ಬಿಡಿಸಿದವರು ಪ್ರೊ. ಬಿ.ಎ. ವಿವೇಕ ರೈ. ರಾಜರ ಶಾಸನದಲ್ಲಿ ಜಾಗ ಸಿಗದ ನಮ್ಮ ನಾಡಿನ ಒಬ್ಬ ಆಳು, ಯೆಹೂದ್ಯರ ಉಗ್ರಾಣದಲ್ಲಿ ಎಂಟುನೂರು ವರ್ಷ ಬದುಕಿದ್ದ! ಈ ಭಾರತದ ಪತ್ರಗಳ ಸಂಪುಟವನ್ನು ಎಂ.ಎ. ಫ್ರೀಡ್‌ಮನ್ ಎಂಬ ವಿದ್ವಾಂಸರು ಪೂರ್ತಿ ಮಾಡಿ 2008ರಲ್ಲಿ ಹೊರತಂದರು.

ಇದು ಎಲ್ಲೋ ದೂರದ ಕಥೆಯೆಂದು ನಮ್ಮ ಧಾರವಾಡದವರು ಹೇಳುವಂತಿಲ್ಲ. ವಚನದ ತಾಡೋಲೆಗಳು ಕೂಡ ಮನೆಮನೆಯ ಜಗಲಿಯ ಮೇಲೆ ಪೂಜೆ ಮಾಡಿಸಿಕೊಳ್ಳುತ್ತ, ಯಾರೂ ಬಿಚ್ಚಿ ಓದದೆ ಇದ್ದವು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಮಾಡಿದರು. ಮುಂದೆ 1993ರಲ್ಲಿ ಬಂದ 15 ಸಂಪುಟಗಳ ಸಮಗ್ರ ವಚನ ಯೋಜನೆಯ ಸಂಪಾದಕರಾಗಿದ್ದವರು ನಮ್ಮ ಎಂ.ಎಂ. ಕಲಬುರ್ಗಿಯವರು. ಅವರೂ ನಿವೃತ್ತಿಯನ್ನು ವಿಶ್ರಾಂತಿ ಎಂದುಕೊಳ್ಳಲಿಲ್ಲ. ತಮ್ಮ ಸಮಾಜವನ್ನು ಪ್ರೀತಿಸುತ್ತಲೇ ಅದಕ್ಕೆ ಕಹಿಯಾದ ಪ್ರಶ್ನೆಗಳನ್ನೂ ಕೇಳಿದರು. 2015ರ ಆಗಸ್ಟ್ 30ರಂದು, 76ನೇ ವಯಸ್ಸಿನಲ್ಲಿ, ಕಲ್ಯಾಣನಗರದ ಮನೆಯಲ್ಲೇ ಗುಂಡಿಗೆ ಬಲಿಯಾದರು.

ಇತಿಹಾಸದ ಪಾಠ ಹೇಳುವ ನನ್ನನ್ನು ಪಾಲಕರು ಕೇಳುವುದುಂಟು: “ಸರ, ಇದನ್ನ ಓದಿದ್ರ ಮುಂದ ಹುಡುಗನ ಹೊಟ್ಟಿಗೇನ್ರೀ?” ಸುಳ್ಳು ಭರವಸೆ ಕೊಡಲಾರೆ. ಗೊಯ್‌ಟೈನ್ ಅವರೂ ಶಾಲೆಯ ಮಕ್ಕಳಿಗೆ ಪಾಠ ಹೇಳಿ, ಶಾಲೆಗಳ ತಪಾಸಣೆ ಮಾಡಿ ಹೊಟ್ಟೆ ಹೊರೆದವರೇ, ಹಳಕಟ್ಟಿಯವರು ವಕೀಲರು. ಮಗ ಎಂಜಿನಿಯರ್ ಆಗಲಿ, ಮಗಳು ಡಾಕ್ಟರ್ ಆಗಲಿ, ಬೇಡವೆನ್ನುವವನು ನಾನಲ್ಲ. ಆದರೆ ನಮ್ಮ ಭಾಗದ ಹಳೆಯ ಮನೆಗಳ ಅಟ್ಟದ ಮೇಲೆ ಮೋಡಿ ಲಿಪಿಯ ಪತ್ರಗಳು, ಅಜ್ಜನ ಲೆಕ್ಕದ ವಹಿಗಳು, ಅಜ್ಜಿಯ ಹಾಡಿನ ಪುಸ್ತಕಗಳು ಇನ್ನೂ ಇವೆ. ಮೋಡಿ ಓದಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ಮನೆ ಕೆಡವುವಾಗ ಇವೆಲ್ಲ ಮೊದಲು ಹೋಗುವುದು ರದ್ದಿಗೆ.

ಈ ರಜೆಯಲ್ಲಿ ಮಕ್ಕಳು ಒಂದು ಟ್ರಂಕು ಕೆಳಗಿಳಿಸಲಿ. ಅಜ್ಜನನ್ನೋ ಅಮ್ಮನನ್ನೋ ಪಕ್ಕಕ್ಕೆ ಕೂರಿಸಿಕೊಂಡು, ಯಾವ ಕಾಗದ ಯಾರದು, ಯಾವಾಗಿನದು ಎಂದು ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದಿಡಲಿ. ಓದಲು ಬಾರದ್ದನ್ನು ಬಲ್ಲವರಿಗೆ ತೋರಿಸಲಿ. ನಮ್ಮ ಮನೆಯ ಮಾನ ಹೋಗುವಂಥ ಚೀಟಿ ಸಿಕ್ಕರೂ ಹರಿಯುವುದು ಬೇಡ. ಯಾರದೋ ಮನೆಯ ಬೊಮ್ಮ ಅದರಲ್ಲಿ ಇರಬಹುದು.