ಹಳೆ ಡಿಸ್ಕುಗಳ ವೇಗದ ಲೆಕ್ಕ

ಕಾಸರಗೋಡಿನ ನಮ್ಮ ಶಾಲೆಯ ಹಳೆ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮುಂಚೆ ಅವುಗಳಲ್ಲಿದ್ದ ಕನ್ನಡ ಪ್ರಶ್ನೆಪತ್ರಿಕೆಗಳು, ವಾರ್ಷಿಕೋತ್ಸವದ ಫೋಟೋಗಳನ್ನು ನಾವು ಉಳಿಸಿಕೊಳ್ಳಬೇಕಿತ್ತು. ಹೋದರೆ ಮತ್ತೆ ಕನ್ನಡದಲ್ಲಿ ಟೈಪು ಮಾಡುವವರು ಇಲ್ಲಿ ಯಾರಿದ್ದಾರೆ?

ಒಂದೊಂದರಲ್ಲೂ ಸುಮಾರು 9 ಗಿಗಾಬೈಟ್. ಅವುಗಳ ಯುಎಸ್‌ಬಿ 1.1ರ ಮಿತಿ ಸೆಕೆಂಡಿಗೆ 12 ಮೆಗಾಬಿಟ್. ಎಂಟರಿಂದ ಭಾಗಿಸಿದರೆ (ಏಳನೇ ತರಗತಿಯವರೇ ಭಾಗಿಸಿದರು) ಒಂದೂವರೆ ಮೆಗಾಬೈಟ್. ಒಂದು ಗಂಟೆ ನಲವತ್ತು ನಿಮಿಷ ಬೇಕು, ಅದೂ ಪೂರ್ತಿ ವೇಗ ಸಿಕ್ಕಿ, ಮಧ್ಯೆ ಕರೆಂಟು ಹೋಗದಿದ್ದರೆ!

ಡಿಸ್ಕನ್ನೇ ಬಿಚ್ಚಿ, ಅಡಾಪ್ಟರ್ ಹಾಕಿ ಬೇರೆ ಕಂಪ್ಯೂಟರಿನ ಯುಎಸ್‌ಬಿ 2.0ಕ್ಕೆ ಸಿಕ್ಕಿಸಿದೆವು. ಇದರ ಮಿತಿ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ಡಿಸ್ಕಿನ ಎಟಿಎ-100 ಸಂಪರ್ಕಕ್ಕೆ 100 ಮೆಗಾಬೈಟ್ ಎಂದಿದ್ದರೂ ಒಳಗೆ ತಿರುಗುವ ತಟ್ಟೆ ಅಷ್ಟು ಬೇಗ ಓದಿಕೊಡುವುದಿಲ್ಲ. ಆದರೂ ಒಂದು ಪೀರಿಯಡ್ಡಿನೊಳಗೆ ಮುಗಿಯಿತು.

ಒಂದು ಡಿಸ್ಕು ಮಾತ್ರ ತಿರುಗಲೇ ಇಲ್ಲ. 2004ರ ಫೋಟೋಗಳು ಅದರಲ್ಲಿದ್ದವು.