ಎಡಗಡೆಯ ಬಾಗಿಲು

ಗಾಡಿಯ ಬಾಗಿಲು ಇಳಿದಿದೆ ಎಂಬುದು ಮೊದಲು ತಿಳಿಯುವುದು ಕಣ್ಣಿಗಲ್ಲ, ಕಿವಿಗೆ. ಸರಿಯಾಗಿರುವ ಬಾಗಿಲು ಮುಚ್ಚಿದರೆ ‘ಧಪ್’ ಎಂದು ಒಂದೇ ಸದ್ದು. ಇಳಿದ ಬಾಗಿಲಿನದು ಎರಡು. ಮೊದಲು ಲಾಕು ಕಂಬದ ಮೇಲಿನ ಕಬ್ಬಿಣದ ಗೂಟಕ್ಕೆ ಬಡಿದು ‘ಟಣ್’ ಅನ್ನುತ್ತದೆ, ಆಮೇಲೆ ಅದರ ಮೇಲೆ ಹತ್ತಿ ಕೂತು ‘ಧಪ್’ ಅನ್ನುತ್ತದೆ. ನಮ್ಮ ಮನೆಯ ಪಿಕಪ್ಪು ವರ್ಷಗಟ್ಟಲೆ ಹೀಗೆ ಎರಡು ಸದ್ದು ಮಾಡಿಕೊಂಡೇ ಓಡಾಡಿತು. ಅಪ್ಪ ಮಾರ್ಕೆಟ್ಟಿನಿಂದ ಬಂದರು ಅನ್ನುವುದು ನಮಗೆ ಗೊತ್ತಾಗುತ್ತಿದ್ದದ್ದು ಇಂಜಿನ್ನಿನ ಸದ್ದಿನಿಂದಲ್ಲ, ಆ ಟಣ್-ಧಪ್‌ನಿಂದ. ಕೊಟ್ಟಿಗೆಯಲ್ಲಿದ್ದ ಹಸು ಕೂಡ ಅದಕ್ಕೇ ಕಿವಿ ನಿಮಿರಿಸುತ್ತಿತ್ತು.

ನಮ್ಮೂರು ಮೊಸಳೆ. ಹಾಸನದಿಂದ ಹತ್ತು ಕಿಲೋಮೀಟರಿನ ಆಸುಪಾಸು. ಹೊರಗಿನವರಿಗೆ ಊರಿನ ಹೆಸರು ಗೊತ್ತಿದ್ದರೆ ಅದು ಹೊಯ್ಸಳರ ಕಾಲದ ಜೋಡಿ ಗುಡಿಗಳಿಂದ. ನಾಗೇಶ್ವರ, ಚೆನ್ನಕೇಶವ ಇಬ್ಬರೂ ಅಕ್ಕಪಕ್ಕ, ಕೆಲವೇ ಅಡಿ ದೂರದಲ್ಲಿ, ಹೆಚ್ಚುಕಡಿಮೆ ಒಂದೇ ಅಚ್ಚಿನ ಬಳಪದ ಕಲ್ಲಿನ ಮನೆಗಳಲ್ಲಿದ್ದಾರೆ. ನೋಡಲು ಬಂದವರು ಎರಡರ ನಡುವೆ ವ್ಯತ್ಯಾಸ ಹುಡುಕುತ್ತಾ ಸುತ್ತು ಹಾಕುತ್ತಾರೆ. ನಮಗೆ ಊರಿನವರಿಗೆ ಆಲೂಗಡ್ಡೆಯ ಚಿಂತೆ. ಜಲಂಧರಿನಿಂದ ಹಾಸನದ ಎಪಿಎಂಸಿಗೆ ಬಿತ್ತನೆಗಡ್ಡೆ ಬರುತ್ತದೆ, ಮೇ-ಜೂನಿನ ಮಳೆಗೆ ಬಿತ್ತುತ್ತೇವೆ, ಅಂಗಮಾರಿ ಬಾರದಿದ್ದರೆ ಮೂರು ತಿಂಗಳಿಗೆ ಕೀಳುತ್ತೇವೆ. ಬಂದರೆ ಕೀಳುವ ಕೂಲಿಯೂ ಹುಟ್ಟುವುದಿಲ್ಲ. ಪಿಕಪ್ಪು ನಮ್ಮಲ್ಲಿಗೆ ಬಂದದ್ದು ಒಂದು ಒಳ್ಳೆಯ ವರ್ಷದ ಗಡ್ಡೆ ದುಡ್ಡಿನಲ್ಲಿ, ಆಗಲೇ ಇನ್ನೊಬ್ಬರ ಕೈಯಲ್ಲಿ ಪಳಗಿ.

ಗಾಡಿಯ ಎರಡು ಬಾಗಿಲುಗಳೂ ಹುಟ್ಟಿನಲ್ಲಿ ಆ ಗುಡಿಗಳ ಹಾಗೆ ಒಂದೇ ಅಚ್ಚಿನವು. ಆದರೆ ಸವೆತ ಬೇರೆ ಬೇರೆ. ಬಲಗಡೆಯದು ಅಪ್ಪನದು. ರಿವರ್ಸ್ ತೆಗೆಯುವಾಗ ಅವರು ಕನ್ನಡಿ ನಂಬುವುದಿಲ್ಲ. ಬಾಗಿಲು ತೆಗೆದು, ಅದರ ಮೇಲೆ ಮೊಳಕೈ ಊರಿ, ಅರ್ಧ ಮೈ ಹೊರಗೆ ಚಾಚಿ ಹಿಂದೆ ನೋಡುತ್ತಾರೆ. ಎಡಗಡೆಯದು ಊರಿನವರೆಲ್ಲರದು. ಕೂಲಿಯವರು ಅದನ್ನೇ ಹಿಡಿದು ಮೇಲೆ ಜಿಗಿಯುತ್ತಾರೆ, ಒಳಗೆ ಇಬ್ಬರು ಕೂತಿದ್ದರೆ ಮೂರನೆಯವನು ಒತ್ತಿ ಮುಚ್ಚುತ್ತಾನೆ, ಹುಡುಗರು ಅದಕ್ಕೆ ಜೋತುಬಿದ್ದು ಆಡುತ್ತಾರೆ. ಹಾಗಾಗಿ ಮೊದಲು ಇಳಿದದ್ದು ಎಡಗಡೆಯದೇ.

ನಮ್ಮ ಹಳೆಯ ಮನೆಯ ಹಲಸಿನ ಮರದ ಕದವನ್ನು ನೆನೆದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನಾಲ್ಕು ಜನ ಎತ್ತಬೇಕಾದಷ್ಟು ಭಾರದ ಆ ಕದಕ್ಕೆ ಒಂದೂ ಕಬ್ಬಿಣದ ಕೀಲಿರಲಿಲ್ಲ. ಕದದ ಅಂಚಿನಲ್ಲೇ ಮೇಲೊಂದು ಕೆಳಗೊಂದು ಗುಂಡನೆಯ ಗೂಟ ಕೆತ್ತಿ, ಕೆಳಗಿನದನ್ನು ಕಲ್ಲಿನ ಗುಳಿಯಲ್ಲಿ ಕೂರಿಸಿದ್ದರು. ಅದೇ ತಿರುಗಣಿ. ಹಳೆಯ ಕಲ್ಲು ಕಟ್ಟಡಗಳ ಬಾಗಿಲವಾಡಗಳಲ್ಲಿ ಕದ ಹೋಗಿ ಆ ಗುಳಿ ಮಾತ್ರ ಉಳಿದಿರುವುದನ್ನು ನೀವೂ ನೋಡಿರಬಹುದು. ಅಜ್ಜಿ ಹಬ್ಬಕ್ಕೊಮ್ಮೆ ನಾಲ್ಕು ಹನಿ ಹರಳೆಣ್ಣೆ ಬಿಡುತ್ತಿದ್ದರು, ಅಷ್ಟೇ ಅದರ ಸರ್ವಿಸ್ಸು. ಆ ಕದ ನಿಂತಿರುತ್ತಿತ್ತು, ಅದರ ಭಾರವೆಲ್ಲ ಕಲ್ಲಿನ ಮೇಲೆ. ಗಾಡಿಯ ಬಾಗಿಲು ನಿಂತಿರುವುದಿಲ್ಲ, ಜೋತಾಡುತ್ತಿರುತ್ತದೆ. ಕೆಳಗೆ ಏನೂ ಆಸರೆಯಿಲ್ಲ. ಮುಂದಿನ ಕಂಬಕ್ಕೆ ಹಾಕಿದ ಎರಡು ಕೀಲುಗಳೇ ಅದಕ್ಕೆ ಗತಿ. ಬಾಗಿಲಿನ ಭಾರ ಮೇಲಿನ ಕೀಲನ್ನು ಕಂಬದಿಂದ ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಕಂಬದೊಳಕ್ಕೆ ಒತ್ತುತ್ತದೆ. ಹಗಲೂ ರಾತ್ರಿ, ಗಾಡಿ ನಿಂತಿದ್ದಾಗಲೂ.

ನಾನು ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ಅಳತೆ ಕಂಡರೆ ಕೈ ಸುಮ್ಮನಿರುವುದಿಲ್ಲ. ನಮ್ಮ ಗಾಡಿಯಲ್ಲಿ ಎರಡು ಕೀಲುಗಳ ನಡುವೆ 36 ಸೆಂಟಿಮೀಟರು. ಕೀಲಿನಿಂದ ಲಾಕಿನ ಅಂಚಿಗೆ 98. ಅಂದರೆ ಮೇಲಿನ ಕೀಲಿನಲ್ಲಿ 1 ಮಿಲಿಮೀಟರು ಸಡಿಲವಾದರೆ ಆ ತುದಿಯಲ್ಲಿ ಬಾಗಿಲು ಎರಡೂಮುಕ್ಕಾಲು ಮಿಲಿಮೀಟರು ಇಳಿಯುತ್ತದೆ. ನಮ್ಮದು 8 ಇಳಿದಿತ್ತು.

ಬಾಗಿಲು ಇಳಿದಾಗ ತೊಂದರೆ ಕಾಣಿಸುವುದು ಲಾಕಿನಲ್ಲಿ, ಆಗಿರುವುದು ಕೀಲಿನಲ್ಲಿ. ಹಾಗಾಗಿ ರಿಪೇರಿಗೆ ಹೋದವರೆಲ್ಲ ಮೊದಲು ಕೈಹಾಕುವುದು ಲಾಕಿಗೇ. ಅಪ್ಪ ತೋರಿಸಿದ ಒಂದು ಗ್ಯಾರೇಜಿನವರು ಕಂಬದ ಮೇಲಿನ ಗೂಟವನ್ನೇ ಸಡಿಲಿಸಿ ಕೆಳಗಿಳಿಸಿ ಕೊಟ್ಟಿದ್ದರು. ಬಾಗಿಲು ಎಲ್ಲಿಗೆ ಬರುತ್ತದೋ ಗೂಟವೂ ಅಲ್ಲಿಗೆ! ಕೆಲವು ತಿಂಗಳು ಹಿತವಾಗಿತ್ತು. ಕೀಲು ಸವೆಯುತ್ತಲೇ ಇತ್ತು, ಬಾಗಿಲು ಮತ್ತಷ್ಟು ಇಳಿಯಿತು, ಗೂಟಕ್ಕೆ ಇಳಿಯಲು ಜಾಗ ಉಳಿಯಲಿಲ್ಲ. ಇನ್ನೊಬ್ಬರು ತೆರೆದ ಬಾಗಿಲಿನ ಕೆಳಗೆ ತೊಲೆ ಕೊಟ್ಟು ಮೀಟಿದರು. ಅದು ಹಳ್ಳಿಯ ಹಳೆಯ ವಿದ್ಯೆ. ಬಾಗಿಲು ಮೇಲೇಳುತ್ತದೆ ನಿಜ, ಆದರೆ ಅದು ಕೀಲು ಸರಿಯಾಗಿ ಎದ್ದದ್ದಲ್ಲ, ಕಂಬದ ತಗಡು ಬಗ್ಗಿ ಎದ್ದದ್ದು.

ಗಾಡಿಯ ಲಾಕಿಗೆ ಎರಡು ಹಲ್ಲಿರುತ್ತವೆ. ಪೂರ್ತಿ ಕೂತರೆ ಎರಡನೆಯದು ಹಿಡಿಯುತ್ತದೆ, ಅರ್ಧ ಕೂತರೆ ಮೊದಲನೆಯದು. ನಮ್ಮ ಎಡಗಡೆಯ ಬಾಗಿಲು ಮೊದಲನೆಯ ಹಲ್ಲಿನಲ್ಲೇ ಕಾಲ ಹಾಕುತ್ತಿತ್ತು. ಒಂದು ದಿನ ರಸ್ತೆಯ ಉಬ್ಬಿನ ಮೇಲೆ ತಾನಾಗಿ ತೆರೆದುಕೊಂಡು ಸೀಟಿನ ಮೇಲಿದ್ದ ಗೊಬ್ಬರದ ಮೂಟೆ ರಸ್ತೆಗೆ ಬಿತ್ತು. ಅವತ್ತು ಅಪ್ಪ ಮನೆಗೆ ಬಂದವರೇ ನೀಲಿ ನೈಲಾನ್ ಹಗ್ಗ ಹುಡುಕಿದರು. ಬಾಗಿಲಿನ ಹೊರಗಿನ ಹಿಡಿಯಿಂದ ಲೋಡ್ ಬಾಡಿಯ ಕೊಕ್ಕೆಗೆ ಮೂರು ಸುತ್ತು, ಒಂದು ಗಂಟು. ಅಮ್ಮ ಕೂತ ಮೇಲೆ ಅವರೇ ಸುತ್ತಿ ಬಂದು ಗಂಟು ಹಾಕುತ್ತಿದ್ದರು, ಇಳಿಯುವಾಗ ಅವರೇ ಬಿಚ್ಚುತ್ತಿದ್ದರು. ಹೆಂಡತಿ ರಸ್ತೆಗೆ ಬಿದ್ದುಬಿಟ್ಟಾಳು ಅನ್ನುವ ಭಯ ಅವರಿಗೆ ನಿಜವಾಗಿಯೂ ಇತ್ತು. ಆ ಗಂಟನ್ನು ಅವರು ಹಾಕುತ್ತಿದ್ದ ರೀತಿಯಲ್ಲೇ ಅದು ಕಾಣುತ್ತಿತ್ತು, ಎರಡೆರಡು ಸಲ ಜಗ್ಗಿ ನೋಡುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ನಾನು ಊರಿಗೆ ಬಂದಾಗ ಗಾಡಿ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ ಆಗಿತ್ತು. ನೀಲಿ ಹಗ್ಗಕ್ಕೂ ಕುಂಕುಮ ಇಟ್ಟಿದ್ದರು. ನಗು ಬಂತು. ಹಗ್ಗವೂ ಗಾಡಿಯ ಒಂದು ಪಾರ್ಟು ಎಂದು ಯಾವಾಗ ತೀರ್ಮಾನವಾಯಿತೋ ಗೊತ್ತಿಲ್ಲ.

ಬಾಗಿಲ ಕೀಲು ನೋಡುತ್ತಾ ಕೂತಿದ್ದೆ. ಅಮ್ಮ ಕಾಫಿ ತಂದುಕೊಟ್ಟು ಅಲ್ಲೇ ನಿಂತರು. “ಸರಿಯಾಯ್ತದಾ?” ಅಂದರು. ಆಗ್ತದೆ ಅಂದೆ. “ಒಳಗಿಂದ ತೆಗೆಯೋ ಹಂಗೆ ಆಯ್ತದಾ?” ಅಂದರು.

ಆ ಎರಡನೆಯ ಪ್ರಶ್ನೆಗೆ ನಾನು ತಲೆಯೆತ್ತಿ ನೋಡಿದೆ. ಅಮ್ಮ ಗಾಡಿಯಲ್ಲಿ ಹೋಗುವುದನ್ನು ಬಿಟ್ಟು ಆಗಲೇ ಒಂದು ವರ್ಷದ ಮೇಲಾಗಿತ್ತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಅವರು ಎಲ್ಲಿಗೆ ಹೋದರೂ ಬಸ್ಸು. “ಪುಕ್ಕಟೆ ಬಸ್ಸು ಬಂದಮೇಲೆ ನನ್ನ ಗಾಡಿ ನಿಮ್ಮಮ್ಮಂಗೆ ಬೇಡವಾಯ್ತು ಕಣಪ್ಪ” ಎಂದು ಅಪ್ಪ ಬಂದವರ ಮುಂದೆಲ್ಲ ತಮಾಷೆ ಮಾಡುತ್ತಿದ್ದರು. ಅಮ್ಮನೂ ನಗುತ್ತಿದ್ದರು. ಬಸ್ಸು ಅವರಿಗೆ ಇಷ್ಟವೂ ಆಗಿತ್ತು ಅನ್ನಿ. ಅರಕಲಗೂಡಿನ ತಂಗಿಯ ಮನೆಗೆ ಆ ಆರು ತಿಂಗಳಲ್ಲಿ ಹೋದಷ್ಟು ಸಲ ಹಿಂದಿನ ಹತ್ತು ವರ್ಷದಲ್ಲಿ ಹೋಗಿರಲಿಲ್ಲ. ಆದರೆ ಹಿತ್ತಲಿನ ಹೀರೆಕಾಯಿ, ಅವರೆಕಾಯಿ, ಕೊತ್ತಂಬರಿ ಸೊಪ್ಪನ್ನು ಮೂಟೆ ಕಟ್ಟಿ ಸಂತೆಗೆ ಒಯ್ಯುತ್ತಿದ್ದದ್ದು ಗಾಡಿಯಲ್ಲಿ. ನೂಕುನುಗ್ಗಲಿನ ಬಸ್ಸಿನಲ್ಲಿ ಅದಾಗುತ್ತಿರಲಿಲ್ಲ. ಸಂತೆ ನಿಂತಿತು. ಆ ದುಡ್ಡು ಅಮ್ಮನದೇ ದುಡ್ಡಾಗಿತ್ತು, ಯಾರಿಗೂ ಲೆಕ್ಕ ಕೊಡಬೇಕಿರಲಿಲ್ಲ. ಕೇಳಿದರೆ ಮಂಡಿನೋವು ಅಂದಿದ್ದರು.

ಕಾಫಿ ಲೋಟ ಕೈಯಲ್ಲಿ ಹಿಡಿದೇ ಹೇಳಿದರು. ಗಡ್ಡೆ ಕೀಳುವ ಕಾಲ, ಹಾಸನದ ಮಾರ್ಕೆಟ್ಟಿನಲ್ಲಿ ಗಾಡಿಗಳ ಸಾಲು. ಅಪ್ಪ ದರ ವಿಚಾರಿಸಲು ಇಳಿದು ಹೋದವರು ಒಂದೂವರೆ ಗಂಟೆ ಬರಲಿಲ್ಲ. ಮಧ್ಯಾಹ್ನದ ಬಿಸಿಲು. ಅಮ್ಮ ಒಳಗೆ, ಹಗ್ಗ ಹೊರಗೆ. ಕಾಲುಮಡಿಯಲು ಇಳಿಯಬೇಕಿತ್ತು. ಕಿಟಕಿಯಿಂದ ಕೈ ಚಾಚಿದರೆ ಗಂಟು ಸಿಗುತ್ತಿರಲಿಲ್ಲ. ದಾರಿಯಲ್ಲಿ ಹೋಗುವ ಗಂಡಸರನ್ನು ಕರೆದು ಬಿಚ್ಚಿ ಅನ್ನಲು ನಾಚಿಕೆ.

“ಅಪ್ಪನ ಕಡೆಯಿಂದ ಇಳಿಯಬಹುದಿತ್ತಲ್ಲ?” ಅಂದೆ.

“ಗೇರು ದಾಟ್ಕೊಂಡು? ಸೀರೆ ಎತ್ಕೊಂಡು? ಅಷ್ಟು ಜನ ನೋಡ್ತಿರೋವಾಗ?” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮಪ್ಪಂಗೆ ಹೇಳ್ಬೇಡ. ಬೇಜಾರು ಮಾಡ್ಕೋತಾರೆ” ಅಂದರು.

ಅವತ್ತು ಸಂಜೆಯೇ ಮೇಲಿನ ಕೀಲನ್ನು ಬಿಚ್ಚಿದೆ. ಬೋಲ್ಟುಗಳು ತುಕ್ಕಿನಲ್ಲಿ ಕಚ್ಚಿಕೊಂಡಿದ್ದವು. ಹಿಂದಿನ ರಾತ್ರಿಯೇ ಡೀಸೆಲ್ಲು ಕುಡಿಸಿಟ್ಟಿದ್ದರಿಂದ ಅಲುಗಿದವು. ಕೀಲಿನ ಗೂಟ 8 ಮಿಲಿಮೀಟರಿನದು, ಸವೆದು 7 ಆಗಿತ್ತು. ಅದು ಕೂರುವ ತೂತು ಮೊಟ್ಟೆಯಾಕಾರಕ್ಕೆ ಎಳೆದು 10 ಆಗಿತ್ತು. ಮೂರು ಮಿಲಿಮೀಟರಿನ ಸಡಿಲ, ಎಂಟು ಮಿಲಿಮೀಟರಿನ ಇಳಿತ: ಲೆಕ್ಕ ತಾಳೆಯಾಯಿತು. ಕೆಳಗಿನ ಕೀಲು ಪರವಾಗಿಲ್ಲ ಅನ್ನುವಂತಿತ್ತು. ಅಳತೆ ಬರೆದುಕೊಂಡು, ಹಳೆಯದನ್ನೇ ಮತ್ತೆ ಜೋಡಿಸಿ ಬೆಂಗಳೂರಿಗೆ ಹೋದೆ. ಶಾಪಿನಲ್ಲಿ ಊಟದ ಬಿಡುವಿನಲ್ಲಿ ಗನ್‌ಮೆಟಲಿನ ಎರಡು ಬುಶ್ಶು, ಗಟ್ಟಿ ಉಕ್ಕಿನ ಒಂದು ಗೂಟ ಕಡೆದೆ. ಬುಶ್ಶಿನ ಹೊರಗೆ 12, ಒಳಗೆ 8 ಮತ್ತು ಒಂದು ಕೂದಲೆಳೆ. ಕಾಗದದ ಹಾಳೆಯ ಅರ್ಧ ದಪ್ಪದಷ್ಟು ಜಾಗ ಗ್ರೀಸಿಗೆ. ಬುಶ್ಶು ಗೂಟಕ್ಕಿಂತ ಮೆತ್ತಗಿರಬೇಕು. ಮುಂದೆ ಸವೆಯುವುದಿದ್ದರೆ ಅದು ಸವೆಯಲಿ, ಬದಲಾಯಿಸುವುದು ಸುಲಭ.

ದೀಪಾವಳಿಗೆ ಬಂದವನು ಎರಡು ದಿನ ಅದಕ್ಕೇ ಇಟ್ಟೆ. ಬಾಗಿಲಿನ ಕೆಳಗೆ ಜಾಕು, ಜಾಕಿನ ಮೇಲೆ ಹಲಗೆ, ಹಲಗೆಯ ಮೇಲೆ ಮಡಿಸಿದ ಗೋಣಿಚೀಲ. ಕೀಲಿನ ಸುತ್ತ ಮೊಳೆಯಲ್ಲಿ ಗೀಚಿ ಗುರುತು. ಬಾಗಿಲು ಕೈಗೆ ಬಂದಾಗ ಅದರ ಭಾರಕ್ಕೆ ನಾನು, ಅಪ್ಪ ಇಬ್ಬರೂ ಬೆಚ್ಚಿದೆವು. ಕೆಳಗಿನ ಅಂಚಿನಲ್ಲಿ ನೀರು ಹೋಗಲು ಬಿಟ್ಟಿರುವ ಕಂಡಿಗಳೆಲ್ಲ ಕೆಮ್ಮಣ್ಣಿನಿಂದ ಮುಚ್ಚಿಹೋಗಿ, ಒಳಗೆ ಕೆಸರು ತುಂಬಿಕೊಂಡಿತ್ತು. ಕಡ್ಡಿ ಹಾಕಿ ತಿವಿದೆ. ಕೆಸರಿನ ಜೊತೆ ಒಂದು ಬಾಚಣಿಗೆ, 50 ಪೈಸೆಯ ನಾಣ್ಯ, ಯಾವುದೋ ತೂಕದ ಚೀಟಿ, ಅರ್ಧ ಹಸಿರು ಬಳೆ ಹೊರಗೆ ಬಂದವು. ಬಳೆ ತನ್ನದೇ ಎಂದು ಅಮ್ಮ ನೋಡಿದ ಕೂಡಲೇ ಗುರುತು ಹಿಡಿದರು.

ಕಂಬದಲ್ಲಿ, ಮೇಲಿನ ಕೀಲಿನ ಮಗ್ಗುಲಲ್ಲಿ, ಬೆರಳುದ್ದದ ಬಿರುಕು ಕಂಡಿತು. ತೊಲೆ ಕೊಟ್ಟು ಮೀಟಿದ್ದರ ಉಡುಗೊರೆ. ಬಿರುಕಿನ ತುದಿಯಲ್ಲಿ ಒಂದು ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಕೊರೆದು, ಬ್ಯಾಟರಿಯ ತಂತಿ ಬಿಚ್ಚಿ, ಹಿಂದಿನಿಂದ ತಗಡಿನ ತುಂಡು ಕೊಟ್ಟು ವೆಲ್ಡಿಂಗ್ ಮಾಡಿಸಿದೆವು. ಕೀಲಿನ ತೂತುಗಳನ್ನು 12ಕ್ಕೆ ದುಂಡಗೆ ಮಾಡಿ ಬುಶ್ಶು ಒತ್ತಿದೆ. ಹೊಸ ಗೂಟ ಹೆಬ್ಬೆರಳಿನ ಒತ್ತಿಗೆ ಜಾರಿ ಕೂತಿತು. ಆ ಕ್ಷಣದ ಸುಖ ಲೇತ್ ಕೆಲಸದವರಿಗೇ ಗೊತ್ತು, ವಿವರಿಸಲು ಹೋಗುವುದಿಲ್ಲ.

ಬಾಗಿಲು ತಿರುಗಿ ಏರಿಸುವ ಮೊದಲು ಲಾಕಿನ ಗೂಟವನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟೆ. ಅಪ್ಪನಿಗೆ ಅದು ಸರಿ ಕಾಣಲಿಲ್ಲ. “ಚಿಲಕವೇ ಇಲ್ಲದೆ ಬಾಗಿಲು ಹೆಂಗೆ ನೋಡ್ತೀಯ?” ಅಂದರು. ನೋಡಬೇಕಾದದ್ದು ಹಾಗೆಯೇ. ಗೂಟ ಇದ್ದರೆ ಅದು ಬಾಗಿಲನ್ನು ಎತ್ತಿ ಹಿಡಿದು ಎಲ್ಲ ಸರಿಯಿದೆ ಎಂದು ಸುಳ್ಳು ಹೇಳುತ್ತದೆ. ಅದಿಲ್ಲದೆ, ಬರೀ ಕೀಲಿನ ಬಲದ ಮೇಲೆ ಬಾಗಿಲು ಚೌಕಟ್ಟಿನಲ್ಲಿ ನೆಟ್ಟಗೆ ಕೂರಬೇಕು. ಸಂದಿಯಲ್ಲಿ ಒಂದು ರಟ್ಟಿನ ತುಂಡು ಇಟ್ಟು ಮೇಲಿನಿಂದ ಕೆಳಗಿನವರೆಗೆ ಎಳೆದೆ. ಎಲ್ಲೂ ಬಿಗಿಯಾಗದೆ, ಎಲ್ಲೂ ಸಡಿಲಾಗದೆ ಜಾರುವವರೆಗೆ ಬೋಲ್ಟು ಬಿಗಿಸು, ಸಡಿಲಿಸು. ಎರಡು ಗಂಟೆ ಹಿಡಿಯಿತು. ಕೊನೆಗೆ ಗೂಟವನ್ನು ಬಾಗಿಲು ಬಂದ ಜಾಗಕ್ಕೆ ಜೋಡಿಸಿದೆ. ಅದು ಗ್ಯಾರೇಜಿನವರು ಇಳಿಸಿದ್ದ ಗೆರೆಯಿಂದ ಮೇಲೆ, ಕಂಪನಿಯವರು ಮೊದಲು ಇಟ್ಟಿದ್ದ ಬಣ್ಣದ ಗುರುತಿನ ಮೇಲೆಯೇ ಬಂದು ನಿಂತಿತು.

‘ಧಪ್.’

ಅಪ್ಪ ನಾಲ್ಕೈದು ಸಲ ತೆಗೆದು ಮುಚ್ಚಿದರು. ಪ್ರತಿ ಸಲವೂ ಹಳೆಯ ಅಭ್ಯಾಸಕ್ಕೆ ಬಾಗಿಲನ್ನು ಎಡಗೈಯಿಂದ ಮೇಲಕ್ಕೆತ್ತಿ, ಜೋರಾಗಿ ಬಡಿದೇ ಮುಚ್ಚಿದರು. ಅಮ್ಮ ಒಳಗೆ ಹತ್ತಿ ಕೂತು, ಮುಚ್ಚಿಕೊಂಡು, ಒಳಗಿನ ಹಿಡಿ ಎಳೆದರು. ತೆರೆಯಿತು. ಇಳಿದು ಒಳಗೆ ಹೋದರು, ಒಲೆಯ ಮೇಲೆ ಸಾರಿತ್ತು.

ಹಗ್ಗದ ವಿಷಯವನ್ನು ಅಪ್ಪನಿಗೆ ನಾನು ಹೇಳಲಿಲ್ಲ. ಆದರೆ ಅವರಿಗೆ ಯಾವಾಗಲೋ ತಿಳಿದಿದೆ ಎಂದು ನನ್ನ ಗುಮಾನಿ. ಮರುವಾರ ಫೋನು ಮಾಡಿ, “ನಿಮ್ಮಮ್ಮ ಸಂತೆಗೆ ಬಂದಿದ್ಲು. ನಾನಿನ್ನೂ ಗಾಡಿ ಆಫ್ ಮಾಡಿರಲಿಲ್ಲ, ಅಷ್ಟರಲ್ಲೇ ಇಳಿದುಬಿಟ್ಟಿದ್ಲು” ಅಂದರು. ಆಮೇಲೆ ಮಾತು ಹೀರೆಕಾಯಿಯ ದರಕ್ಕೆ ಹೋಯಿತು. ನೀಲಿ ಹಗ್ಗದಲ್ಲಿ ಈಗ ಕರು ಕಟ್ಟುತ್ತಿದ್ದಾರಂತೆ.

ಬಲಗಡೆಯ ಬಾಗಿಲು ಇನ್ನೂ ಬಾಕಿಯಿದೆ. ಅದರದು 5 ಮಿಲಿಮೀಟರು ಇಳಿದಿದೆ, ಟಣ್-ಧಪ್ ಈಗ ಅದರ ಪಾಳಿ. ಬುಶ್ಶಿಗೆ ಗನ್‌ಮೆಟಲಿನ ತುಂಡು ಎತ್ತಿಟ್ಟಿದ್ದೇನೆ. ಕನ್ನಡಿ ನೋಡಿ ರಿವರ್ಸ್ ತೆಗೆಯುವುದನ್ನು ಮೊದಲು ಕಲಿಯಿರಿ, ಆಮೇಲೆ ಮಾಡಿಕೊಡುತ್ತೇನೆ ಎಂದು ಅಪ್ಪನಿಗೆ ಹೇಳಿದ್ದೇನೆ. ಕಲಿಯುವ ಲಕ್ಷಣ ಕಾಣುತ್ತಿಲ್ಲ.